ನಂಬಬೇಡಿ ಅಂದವಳು

"ನಿನ್ನ ಮಾವ ಬಿಪಿ ಮಾತ್ರೆ ಬಿಟ್ಟು ತಿಂಗಳಾಯ್ತಂತೆ ಕಣೇ. ಕಲ್ಲುಗುಂಡಿನ ಹಾಗಿದ್ದಾನೆ," ಅಂತ ಅಮ್ಮ ಫೋನಿನಲ್ಲಿ ಹಿಗ್ಗಿನಿಂದ ಹೇಳಿದಾಗ ಆಫೀಸಿನಲ್ಲಿ ಕೂತಿದ್ದ ಮಗಳ ಕೈ ಕೀಬೋರ್ಡಿನ ಮೇಲೇ ನಿಂತುಬಿಟ್ಟಿತು.

ಅವಳ ಎದುರಿನ ಪರದೆ ತುಂಬ ಚುಕ್ಕಿಗಳು. ಮಾತ್ರೆ ನುಂಗುವವರು ಹಸಿರು, ಬಿಟ್ಟವರು ಕೆಂಪು. ಮೊಬೈಲ್ ಗುಂಪುಗಳಲ್ಲಿ ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ಹೇಗೆ ಅಂಟಿಕೊಳ್ಳುತ್ತದೆ ಅಂತ ಲೆಕ್ಕ ಹಾಕುವುದೇ ಅವಳ ಹೊಟ್ಟೆಪಾಡು. ಊರವರನ್ನೆಲ್ಲ ಚುಕ್ಕಿ ಮಾಡಿ ಕೂರಿಸಿದ್ದವಳಿಗೆ ಮನೆಯವರ ನೆನಪೇ ಆಗಿರಲಿಲ್ಲ.

"ಯಾರಮ್ಮ ಬಿಡಿ ಅಂದೋರು?"

"ನೀನೇ ಕಳಿಸಿದ್ದೆಯಲ್ಲೇ, ಬೆಳ್ಳುಳ್ಳಿ ನೀರಿನ ವಿಡಿಯೋ."

"ಅದರ ಕೆಳಗೆ, ಇದು ಸುಳ್ಳು, ನಂಬಬೇಡಿ ಅಂತ ಬರೆದಿದ್ದೆ."

"ಅಷ್ಟುದ್ದ ಯಾರು ಓದ್ತಾರೆ? ವಿಡಿಯೋ ಮಾತ್ರ ಎಲ್ಲರಿಗೂ ಕಳಿಸಿದೆ. ನನ್ನ ಮಗಳು ಇದೇ ಕೆಲಸದಲ್ಲಿದ್ದಾಳೆ, ಅವಳೇ ಕಳಿಸಿದ್ದು ಅಂತ ಬೇರೆ ಹೇಳಿದೆ. ಇಲ್ಲದಿದ್ರೆ ನಿನ್ನ ಮಾವ ಕೇಳೋ ಆಸಾಮೀನಾ?"

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಅಂತ ಅವಳಿಗೆ ಅನ್ನಿಸಿತು. ಅಮ್ಮನ ಫೋನ್ ಇಟ್ಟು ಮಾವನಿಗೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಮನೆಯವರ ಗುಂಪಿನಲ್ಲಿ 'ದಯವಿಟ್ಟು ಮಾತ್ರೆ ಬಿಡಬೇಡಿ' ಅಂತ ಬರೆದರೆ ಚಿಕ್ಕಮ್ಮ ಒಂದು ಹೆಬ್ಬೆರಳು ಒತ್ತಿ ಸುಮ್ಮನಾದಳು. ಒಬ್ಬರು ಹೇಳಿದ ಮಾತ್ರಕ್ಕೆ ಚುಕ್ಕಿ ಬಣ್ಣ ಬದಲಿಸುವುದಿಲ್ಲ, ತಮ್ಮವರೇ ನಾಲ್ಕು ಜನ ಮಾಡಿ ತೋರಿಸಬೇಕು. ಇದನ್ನೇ ಸಭೆಗಳಲ್ಲಿ ನಿಂತು ಹೇಳಿ ಚಪ್ಪಾಳೆ ಗಿಟ್ಟಿಸಿದ್ದವಳು ಅವಳು. ಕೂತಲ್ಲಿ ಕೂರಲಾಗದೆ ಮತ್ತೆ ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮ, ನಿನ್ನ ಮಾತ್ರೆ ಅಂಗೈಯಲ್ಲಿಟ್ಟು ಗುಂಪಿಗೆ ಫೋಟೋ ಹಾಕು. ಈಗಲೇ."

"ಇರು, ಡಬ್ಬಿ ಎಲ್ಲಿಟ್ಟೆನೋ ಹುಡುಕಬೇಕು. ನಾನೂ ಬಿಟ್ಟಿದ್ದೀನಲ್ಲ."

ಕೊನೆಗೂ ಅಮ್ಮನ ಅಂಗೈ ಬಂತು. ಅದರ ಹಿಂದೆಯೇ ಚಿಕ್ಕಮ್ಮನದು, ದೊಡ್ಡಪ್ಪನದು. ಅವಳಿಗೆ ಅವು ಯಾವುವೂ ಬೇಕಿರಲಿಲ್ಲ. ಬಡಗಿ ಕೆಲಸದಲ್ಲಿ ನಡುಬೆರಳಿನ ತುದಿ ಕಳಕೊಂಡ ಮಾವನ ಕೈಗಾಗಿ ಅವಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಿದ್ದಳು.

ಅದೂ ಬಂತು. ಅಗಲವಾದ ಅಂಗೈ, ನಡುವೆ ಬಿಳಿ ಮಾತ್ರೆ. ಅಬ್ಬ ಅಂತ ಕುರ್ಚಿಯಲ್ಲಿ ಕುಸಿದಳು. ಕೆಳಗೆ ಅತ್ತೆ ಬರೆದಿದ್ದಳು:

"ಎಲ್ಲರ ಹಾಗೆ ನಾವೂ ಇಟ್ಟಿದ್ದೀವಿ ನೋಡು. ಬೆಳಗ್ಗೆಯಿಂದ ಇವರಿಗೆ ಈ ಕೈ ಮಡಚೋಕೆ ಬರ್ತಿಲ್ಲ, ಮಾತೂ ತೊದಲ್ತಾರೆ. ಬೆಳ್ಳುಳ್ಳಿ ನೀರು ಇನ್ನೊಂದು ಲೋಟ ಕೊಡಲಾ? ನೀನೇ ಹೇಳಮ್ಮ."