ತವರಿಗೆ ಹೊರಟ ಚೀಲ

ಉಮಾಬಾಯಿ ಚೀಲದ ಜಿಪ್ ಎಳೆಯುತ್ತಿದ್ದಾಗಲೇ ಗಂಡ ಸೂಗಪ್ಪ ಬೇಗಂ ಬಜಾರಿನ ಅಂಗಡಿಯಿಂದ ಓಡಿ ಬಂದ. ಅವಳನ್ನು ನಾಗರ ಪಂಚಮಿಗೆ ತವರಿಗೆ ಕರೆಯಲು ಯಾದಗಿರಿಯಿಂದ ಬೆಳಗಿನ ಗಾಡಿಗೆ ಬಂದಿದ್ದ ಅವಳ ತಮ್ಮ ಮೌನಪ್ಪ ಚಹಾ ಕುಡಿಯುತ್ತ ಕೂತಿದ್ದ.

“ಸೊಸಿಗೆ ರಜಾ ಸಿಗಲಿಲ್ಲಂತ. ನಾಚಾರಂ ಫ್ಯಾಕ್ಟರಿಯಿಂದ ಈಗ ಫೋನ್ ಮಾಡಿದ್ಲು. ಮೊಮ್ಮಗಳನ್ನ ಯಾರು ನೋಡಬೇಕು? ಈ ವರ್ಷ ಒಂದೀಟು ಅಡ್ಜಸ್ಟ್ ಮಾಡ್ಕೊ,” ಎಂದ ಸೂಗಪ್ಪ.

“ತವರಿಗೆ ಹೋಗಿ ನಾಲ್ಕು ವರ್ಷ ಆತ್ರಿ,” ಎಂದಳು ಉಮಾಬಾಯಿ.

ಆ ಮನೆಯಲ್ಲಿ ಅಡ್ಜಸ್ಟ್ ಎಂಬ ಮಾತು ಮಾಡದ ಕೆಲಸವಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೂ ಅದೇ, ಮೂವರ ಹಾಸಿಗೆಯಲ್ಲಿ ಐವರು ಮಲಗಿದರೂ ಅದೇ. ಆಟೋದಲ್ಲಿ ಅದಕ್ಕೆ ‘ಸರಿದು ಕೂಡು’ ಎಂದರ್ಥ. ಸುಲ್ತಾನ್ ಬಜಾರಿನ ಟೇಲರನ ಬಾಯಲ್ಲಿ ‘ತಪ್ಪು ನನ್ನದೇ, ಆದರೂ ತೊಟ್ಟುಕೋ’ ಎಂದರ್ಥ. ಎಲ್ಲವನ್ನೂ ಉಮಾಬಾಯಿ ನಕ್ಕು ಒಪ್ಪಿಕೊಂಡಿದ್ದಳು. ‘ತವರಿಗೆ ಹೋಗಬೇಡ’ ಎಂಬ ಅರ್ಥವೊಂದನ್ನು ಮಾತ್ರ ಅವಳ ಜೀವ ಒಪ್ಪಿರಲಿಲ್ಲ. ಅವಳಿಗೆ ಅವ್ವ ಬೇಕಾಗಿತ್ತು. ಐವತ್ತೆಂಟರ ಅಜ್ಜಿಗೆ ಅವ್ವ ಬೇಕೆಂದರೆ ಜನ ನಕ್ಕಾರು, ನಗಲಿ. ಒಂದೇ ಒಂದು ಸಲ ತವರಿನ ಬೇವಿನ ಗಿಡದ ಪಂಚಮಿ ಜೋಕಾಲಿಯಲ್ಲಿ ಕೂಡಬೇಕು, ಹಿಂದಿನಿಂದ ಅವ್ವನೇ ತೂಗಬೇಕು.

ಮೌನಪ್ಪ ಕಪ್ಪು ಕೆಳಗಿಟ್ಟ. “ಮಾಮಾರ, ಕರಿಯಾಕ ಬಂದಾಂವ ಒಬ್ಬನ ಹೆಂಗ ತಿರುಗಿ ಹೋಗ್ಲಿರಿ? ಊರಾಗ ನಾಕು ಮಂದಿ ಏನಂತಾರ?”

ಸೂಗಪ್ಪ ಕೆಟ್ಟವನಲ್ಲ. ಅವನ ಮುಖ ಸಣ್ಣದಾಯಿತು. “ತಪ್ಪು ತಿಳ್ಕೋಬ್ಯಾಡಪ್ಪ. ದೀಪಾವಳಿಗೆ ಖರೇನ ಕಳಸ್ತೀನಿ.”

ಇನ್ನು ಮಾತಾಡಿ ಫಲವಿಲ್ಲವೆಂದು ಮೌನಪ್ಪ ಊರಿಗೆ ಫೋನ್ ಹಚ್ಚಿ ಅಕ್ಕನ ಕೈಗೆ ಕೊಟ್ಟ. “ಅವ್ವಾ, ಈ ವರ್ಷನೂ...” ಎನ್ನುವಷ್ಟರಲ್ಲಿ ಉಮಾಬಾಯಿ ಅತ್ತುಬಿಟ್ಟಳು.

ಆ ಕಡೆ ಎಂಬತ್ತರ ಅವ್ವ, ಇಂದಿಗೂ ಹೆಬ್ಬೆಟ್ಟು ಒತ್ತುವವಳು, ಮಗಳನ್ನು ಸಮಾಧಾನ ಮಾಡಿದಳು.

“ಅಳಬ್ಯಾಡ ಮಗಳ. ನೀ ಬರಂಗಿಲ್ಲಂತ ನನಗ ಗೊತ್ತಿತ್ತು. ಮೌನಪ್ಪನ ಚೀಲದಾಗ ಶೇಂಗಾ ಉಂಡಿ ಇಟ್ಟೀನಿ, ತಿನ್ನು. ನಾ ಅಡ್ಜಸ್ಟ್ ಮಾಡ್ಕೊಂತೀನಿ.”

ಉಮಾಬಾಯಿ ಮುಟ್ಟಲಾಗದ ತವರನ್ನು ಅಡ್ಜಸ್ಟ್ ಎಂಬ ಆ ಮಾತು ಮುಟ್ಟಿಬಿಟ್ಟಿತ್ತು.