ಪರಾತದ ನೀರು

ದಿನಾ ಸಂಜೆ ಭೂಮಿ ನಡುಗುವ ಹೊತ್ತಿಗೆ ಓಣಿಯವರೆಲ್ಲ ಹೊಸ್ತಿಲ ಮುಂದೆ ನೀರು ತುಂಬಿದ ಪರಾತ ಇಟ್ಟುಕೊಂಡು ಕೂಡುತ್ತಿದ್ದರು. ನಡುಕ ಹಳ್ಳದ ಕಡೆಯಿಂದ ಬರುತ್ತಿತ್ತು. ನೀರು ಅಲುಗಿದ ಕೂಡಲೇ ಮನೆಯವರು ‘ಬಂತು’ ಎಂದು ಕೂಗಬೇಕು. ಯಾರ ಮನೆಗೆ ತಡವಾಗಿ ಬರುತ್ತದೋ ಅವರ ಬುಡದ ನೆಲ ಪೊಳ್ಳಾಗಿದೆಯೆಂದೇ ಲೆಕ್ಕ. ಬೆಳಗಾಗುವುದರೊಳಗೆ ಅವರು ಮನೆಯ ತಗಡು ಬಿಚ್ಚಿಕೊಂಡು ಬೇರೆ ಕಡೆ ಹೋಗಬೇಕು.

ಆ ಸಂಜೆ ಎದುರುಮನೆಯ ದುರ್ಗವ್ವ ಕೂಗಿದಳು. ಅವಳ ಹಿಂದೆಯೇ ಯಮನಪ್ಪನೂ “ಬಂತು!” ಎಂದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ನೀಲವ್ವ ಪರಾತ ನೋಡಿದಳು. ನೀರು ಅಲುಗಿರಲಿಲ್ಲ. ಓಣಿಯ ಕೊನೆಯ ಮನೆಯವರೂ ಕೂಗಿ ಮುಗಿಸಿದ ಮೇಲೆ ಅದು ಮೆಲ್ಲಗೆ ಸುಕ್ಕುಗಟ್ಟಿತು.

“ಸುಳ್ಳ ಯಾಕ ಕೂಗಿದ್ರಿ?”

“ಮೊನ್ನೆರ ಗ್ವಾಡಿ ಮೆತ್ತೀನಿ. ಇನ್ನ ಎಷ್ಟ ಸಲ ಬಿಚ್ಚೂದು? ನಾಳೆ ನೋಡೂಣು, ಸುಮ್ನಿರು.”

ಒಳಗೆ ತೊಟ್ಟಿಲಲ್ಲಿ ಕೂಸು ಮಲಗಿತ್ತು. ನೀಲವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಒಳಹೋಗಿ ಕೂಸನ್ನು ಎತ್ತಿಕೊಂಡು ಬಂದು ಓಣಿಯ ನಡುವೆ ನಿಂತಳು.

“ನಮ್ಮದು ತಡಾ ಆಗೇತಿ! ಇವ್ರು ಸುಳ್ಳ ಕೂಗ್ಯಾರ!”

ದುರ್ಗವ್ವ ತನ್ನ ಪರಾತದಿಂದ ಕಣ್ಣೆತ್ತದೆ, “ನಮ್ಮದೂ ತಡಾನ ಯವ್ವಾ, ಹೋದ ಅಮಾಸಿಯಿಂದ,” ಎಂದಳು.

ಆಚೆಮನೆಯ ಮುದುಕ ಒಮ್ಮೆ ಕೆಮ್ಮಿ, ತನ್ನ ಪರಾತವನ್ನು ಮೆಲ್ಲಗೆ ಒಳಗೆ ಸರಿಸಿಕೊಂಡ.