ಮುರಿದ ಮೊನೆ

“ಇದೇನ್ರಿ, ಸೂಜಿ ಇದ್ದಂಗ ಐತಲ್ಲ?” ಹರಪನಹಳ್ಳಿಯ ಡಾಕ್ಟರ್ ಪ್ರವೀಣಕುಮಾರ್ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು.

ಹಲವಾಗಲಿನಲ್ಲಿ ವೀರಭದ್ರದೇವರ ಕುಣಿತ ಮಾಡುವ ಪುರವಂತ ವೀರಭದ್ರಯ್ಯ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಪಕ್ಕದಲ್ಲೇ ಕೂತಿದ್ದ ಮಗಳು ಗಂಗಾಂಬಿಕಾಳ ದವಡೆ, ಹಲ್ಲು. ಗಲ್ಲದ ನಡುವೆ ಅಕ್ಕಿಕಾಳಿನಷ್ಟು ಬಿಳಿ ಗೀರು.

“ಉಣ್ಣಾಕ ಕುಂತಾಗೆಲ್ಲ ಗಲ್ಲ ಊದ್ತೈತಿ ಅಂದ್ರಲ್ಲ? ಜೊಲ್ಲು ಬಾಯಿಗೆ ಬರೋ ದಾರಿಗೆ ಇದು ಅಡ್ಡ ಕುಂತೈತಿ. ಗಲ್ಲಕ್ಕ ಏನರ ಚುಚ್ಚಿತ್ತೇನ್ರಿ?”

ಚುಚ್ಚಿತ್ತೇ! ಚುಚ್ಚಿದ ಮಹಾನುಭಾವ ಎದುರಿಗೇ ಕೂತಿದ್ದ. ವೈಶಾಖದಲ್ಲಿ ಮಗನ ಮದುವೆಯ ಗುಗ್ಗಳದ ಮೆರವಣಿಗೆ ನಡೆದಾಗ, ವೀರಭದ್ರದೇವರ ಹೆಸರಲ್ಲಿ ಮಗಳೂ ಸೇರಿ ಮನೆಮಂದಿಯ ಗಲ್ಲಕ್ಕೆ ಸೂಜಿಯಂಥ ಶಸ್ತ್ರ ಹಾಕಿದ್ದು ಇವನದೇ ಕೈ. ಮೂವತ್ತು ವರ್ಷದಲ್ಲಿ ಒಂದು ಹನಿ ರಕ್ತ ಬಂದಿಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆ ಸಂಜೆ ಒರೆಸುವಾಗ ಶಸ್ತ್ರದ ಮೊನೆ ಮುರಿದದ್ದು ಕಂಡಿತ್ತು. ಅಂಗಳದಲ್ಲೆಲ್ಲೋ ಬಿದ್ದಿರಬೇಕು ಅಂದುಕೊಂಡು, ಯಾರಿಗೂ ಹೇಳದೆ ಕಲ್ಲಿಗೆ ಮಸೆದು ಚೂಪು ಮಾಡಿಟ್ಟಿದ್ದ.

ಅಯ್ಯೋ ಶಿವನೇ! ಮಗಳ ಗಲ್ಲ ಊದಿದಾಗ ಓಣಿಯ ಜನರ ಮುಂದೆ ನಿಂತು, “ಮುಟ್ಟಾಗಿದ್ದನ್ನ ಮುಚ್ಚಿಟ್ಟು ಶಸ್ತ್ರ ಹಾಕಿಸ್ಕೊಂಡಾಳ, ದೇವರು ಬಿಡ್ತಾನೇನು?” ಎಂದು ಅಬ್ಬರಿಸಿದವನೂ ಇವನೇ. ಇಲ್ಲಪ್ಪಾ, ನಿನ್ನಾಣಿ ಇಲ್ಲ ಎಂದು ಆಕೆ ಕಾಲು ಹಿಡಿದರೂ ಕೇಳಲಿಲ್ಲ. ಆರು ತಿಂಗಳಿಂದ ಆಕೆ ಬಡಿಸಿದ್ದನ್ನು ಮುಟ್ಟಿರಲಿಲ್ಲ. ಕೊಟ್ಟೂರಿನಿಂದ ನೋಡಲು ಬಂದ ಗಂಡಿನವರು ಸುದ್ದಿ ಕೇಳಿ ಬಂದ ದಾರಿ ಹಿಡಿದಿದ್ದರು.

“ಸಣ್ಣ ಆಪರೇಷನ್ನು. ತಗದ್ರ ಆರಾಮಾಗ್ತಾಳ, ಹೆದರಬ್ಯಾಡ್ರಿ,” ಅಂದರು ಡಾಕ್ಟರು.

ವೀರಭದ್ರಯ್ಯನಿಗೆ ಕೇಳಿಸಿತೋ ಇಲ್ಲವೋ. ತೊಡೆಯ ಮೇಲಿನ ಚೀಲದಲ್ಲಿ ಅದೇ ಶಸ್ತ್ರವಿತ್ತು. ನಾಳೆ ತಮ್ಮ ಓಣಿಯಲ್ಲೇ ಇನ್ನೊಂದು ಗುಗ್ಗಳ. ಪೇಟೆಗೆ ಹೇಗೂ ಬರುತ್ತೇನಲ್ಲ, ಸಾಣೆ ಹಿಡಿಸಿದರಾಯಿತೆಂದು ತಂದಿದ್ದ.

“ತಪ್ಪಾತವ್ವಾ...” ಮಗಳ ಕಡೆ ತಿರುಗಿ ಅಂದ.

ಗಂಗಾಂಬಿಕಾ ಅಳಲಿಲ್ಲ. ಡಾಕ್ಟರ ಕೈಯಿಂದ ಎಕ್ಸ್‌ರೇ ಹಾಳೆ ಇಸಿದುಕೊಂಡು ಅಪ್ಪನ ಚೀಲದ ಮೇಲಿಟ್ಟಳು.

“ನನಗ್ಯಾಕ ಹೇಳ್ತಿ? ನಾಳಿ ಗುಗ್ಗಳದಾಗ ದೇವರ ಮಹಿಮಿ ಸಾರಿ ಒಡಪು ಹೇಳಾಕ ನಿಲ್ತೀಯಲ್ಲ, ಓಣಿ ಮಂದಿ ಎಲ್ಲಾ ಇರ್ತಾರ. ಆಗ ಇದನ್ನ ಎತ್ತಿ ಹಿಡಿಯಪ್ಪಾ.”